ಅಪ್ಪನಿಗೆ ಸರ್ಕಾರಿ ಸಂಬಳ, ನನ್ನ ಫೀಸಿಗೆ ಒಂದು ಪೈಸೆ ಇಲ್ಲ. ಸ್ಕಾಲರ್‌ಶಿಪ್ಪೂ ಸಿಗುತ್ತಿಲ್ಲ, ಸಾಲವೂ ಸಿಗುತ್ತಿಲ್ಲ

ಅರಸೀಕೆರೆ ಹುಡುಗಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ.

ನನಗೆ 19 ವರ್ಷ. ಸಿಇಟಿಯಲ್ಲಿ ಸೀಟು ಸಿಕ್ಕಿ ಬೆಂಗಳೂರಿನ ಒಂದು ಖಾಸಗಿ ಕಾಲೇಜಿನಲ್ಲಿ ಬಿಇ ಓದುತ್ತಿದ್ದೇನೆ. ಮೊದಲ ವರ್ಷ ಮುಗಿಯಿತು. ಮೊದಲ ವರ್ಷದ ಫೀಸು ಅಪ್ಪ ಕಟ್ಟಿದ್ದರು. ಯುಗಾದಿಗೆ ಊರಿಗೆ ಹೋದಾಗ ನನಗೆ ಹೇಳದೆ ಗಂಡಿನ ಕಡೆಯವರನ್ನು ಕರೆಸಿದ್ದರು. ನಾನು ಒಲ್ಲೆ ಅಂದೆ. ಬಂದವರ ಎದುರಿಗೇ ಅಂದೆ, ಅದು ತಪ್ಪಾಯಿತು ಅಂತ ಈಗ ಅನಿಸುತ್ತದೆ. ಆದರೆ ಉತ್ತರ ಅದೇ. ಅವತ್ತಿನಿಂದ ಅಪ್ಪ ಮಾತು ಬಿಟ್ಟಿದ್ದಾರೆ. "ಅವಳ ದಾರಿ ಅವಳು ನೋಡಿಕೊಳ್ಳಲಿ" ಅಂತ ಅಮ್ಮನ ಕೈಲಿ ಹೇಳಿಸಿದರು.

ಎರಡನೇ ವರ್ಷದ ಫೀಸು ಒಂದು ಲಕ್ಷಕ್ಕೆ ಸ್ವಲ್ಪ ಮೇಲೆ. ಪಿಜಿ ಬಾಡಿಗೆ ಬೇರೆ. ಇನ್ನು 20 ದಿನ ಇದೆ.

ಏನೇನು ನೋಡಿದೆ ಅಂದರೆ: ರಾಜ್ಯದ ಸ್ಕಾಲರ್‌ಶಿಪ್ ಪೋರ್ಟಲ್ ಎಸ್‌ಎಸ್‌ಪಿಯಲ್ಲಿ ಅರ್ಜಿ ಹಾಕಲು ಹೋದೆ. ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ಕೇಳಿತು. ಅಪ್ಪ ಸರ್ಕಾರಿ ಹೈಸ್ಕೂಲ್ ಮೇಷ್ಟ್ರು, ವರ್ಷಕ್ಕೆ 9 ಲಕ್ಷದ ಮೇಲೆ ಬರುತ್ತದೆ. ಅಲ್ಲಿಗೆ ಆ ಬಾಗಿಲು ಮುಚ್ಚಿತು. ಕಾಲೇಜಿನ ಪಕ್ಕದ ಬ್ಯಾಂಕಿಗೆ ಹೋದೆ. "ತಂದೆಯವರನ್ನು ಕರೆದುಕೊಂಡು ಬಾಮ್ಮ, ಸ್ಯಾಲರಿ ಸ್ಲಿಪ್ ತರಲಿ" ಅಂದರು. ಬರಲ್ಲ ಸಾರ್ ಅಂದೆ. "ಸರ್ಕಾರಿ ನೌಕರಿ ಇದೆ, ಸಾಲ ಯಾಕೆ ಬೇಕು?" ಅಂತ ನಕ್ಕರು.

ಕಾಗದದ ಮೇಲೆ ನಾನು ಅನುಕೂಲಸ್ಥರ ಮನೆ ಮಗಳು. ಅಕೌಂಟಿನಲ್ಲಿ 2,300 ರೂಪಾಯಿ ಇದೆ. ನನ್ನಂಥವರಿಗೆ ಏನಾದರೂ ದಾರಿ ಇದೆಯಾ?

ಬೆಣ್ಣೆದೋಸೆ

ವಿದ್ಯಾಸಿರಿಗೆ ಹಾಕಿ ತಂಗಿ. ನನ್ನ ತಮ್ಮನಿಗೆ ಊಟ, ವಸತಿಗೆ ಅಂತ ತಿಂಗಳಿಗೆ 1,500ರಂತೆ 10 ತಿಂಗಳು ಬಂದಿತ್ತು. ಕೇಂದ್ರದ ತಾಂತ್ರಿಕ ಶಿಕ್ಷಣ ಮಂಡಳಿ ಎಐಸಿಟಿಇಯ ಪ್ರಗತಿ ಅಂತಲೂ ಇದೆ, ಇಂಜಿನಿಯರಿಂಗ್ ಓದುವ ಹುಡುಗಿಯರಿಗೆ ವರ್ಷಕ್ಕೆ 50 ಸಾವಿರ!

ಶರಾವತಿ ದಂಡೆ

@ಬೆಣ್ಣೆದೋಸೆ, ಪೋಸ್ಟ್ ಪೂರ್ತಿ ಓದಿದ್ರಾ? ಅವಳ ಸಮಸ್ಯೆಯೇ ಆದಾಯ ಪ್ರಮಾಣಪತ್ರ. ಪ್ರಗತಿಗೆ ಕುಟುಂಬದ ಆದಾಯ 8 ಲಕ್ಷ ದಾಟಬಾರದು. ಅದೂ ಮೊದಲ ವರ್ಷಕ್ಕೆ ಸೇರುವವರಿಗೆ, ಇಲ್ಲವೇ ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷಕ್ಕೆ ಬರುವವರಿಗೆ. ಸಿಇಟಿಯಲ್ಲಿ ಟ್ಯೂಷನ್ ಫೀಸು ಮನ್ನಾ ಆಗುವ ಎಸ್‌ಎನ್‌ಕ್ಯೂ ಸೀಟುಗಳೂ ಹಾಗೆಯೇ, 8 ಲಕ್ಷದ ಮಿತಿ, ಸೇರುವಾಗಲೇ ಆಯ್ಕೆ ಮಾಡಿಕೊಂಡಿರಬೇಕು. ಕೇಂದ್ರದ ಸೆಂಟ್ರಲ್ ಸೆಕ್ಟರ್ ಸ್ಕಾಲರ್‌ಶಿಪ್‌ಗೆ ಮಿತಿ 4.5 ಲಕ್ಷ. ಎಲ್ಲ ಕಡೆಯೂ ಮೊದಲ ಪ್ರಶ್ನೆ ಒಂದೇ, ಅಪ್ಪನಿಗೆ ಎಷ್ಟು ಬರುತ್ತದೆ. ಅಪ್ಪ ಎಷ್ಟು ಕೊಡುತ್ತಾರೆ ಅಂತ ಯಾವ ಫಾರಂನಲ್ಲೂ ಕೇಳಲ್ಲ.

ಗಾಳಿಪಟ 77

ಸುಲಭ ದಾರಿ ಹೇಳ್ತೀನಿ. ಅಜ್ಜಿ ಜೊತೆ ಬೇರೆ ರೇಷನ್ ಕಾರ್ಡ್ ಮಾಡಿಸಿ, ಅಜ್ಜಿ ಆದಾಯ ತೋರಿಸಿ. ನಮ್ಮ ಕಡೆ ಎಷ್ಟೋ ಜನ ಮಾಡಿದ್ದಾರೆ.

ನಾಡಕಚೇರಿ ನೌಕರ

ದಯವಿಟ್ಟು ಇದನ್ನು ಮಾಡಬೇಡಿ. ನಾನು ಇದೇ ಕೆಲಸದಲ್ಲಿ ಇದ್ದೇನೆ. ತಂದೆ ತಾಯಿ ಬದುಕಿದ್ದಾಗ ವಿದ್ಯಾರ್ಥಿಯ ಕುಟುಂಬ ಅಂದರೆ ತಂದೆ ತಾಯಿಯೇ. ಸರ್ಕಾರಿ ನೌಕರನ ಸಂಬಳ ಸರ್ಕಾರದ ಕಂಪ್ಯೂಟರ್ ದಾಖಲೆ ಎಚ್‌ಆರ್‌ಎಂಎಸ್‌ನಲ್ಲಿ ಇರುತ್ತದೆ, ಮುಚ್ಚಿಡಲು ಆಗಲ್ಲ. ಸುಳ್ಳು ಪ್ರಮಾಣಪತ್ರ ಅಂತ ಗೊತ್ತಾದರೆ ಹಣ ವಾಪಸು ಕಟ್ಟಬೇಕು, ಮೊಕದ್ದಮೆಯೂ ಆಗಬಹುದು. ಅಪ್ಪನ ಮೇಲಿನ ಸಿಟ್ಟಿಗೆ ಈ ಮಗು ಯಾಕೆ ಕೇಸು ತಲೆ ಮೇಲೆ ಹಾಕಿಕೊಳ್ಳಬೇಕು?

ಇನ್ನೊಂದು ಮಾತು. "ತಂದೆ ನೋಡಿಕೊಳ್ಳುತ್ತಿಲ್ಲ, ಅದಕ್ಕೆ ಆದಾಯ ಸೊನ್ನೆ ಅಂತ ಬರೆದುಕೊಡಿ" ಅಂತ ವರ್ಷಕ್ಕೆ ನಾಲ್ಕೈದು ಮಕ್ಕಳಾದರೂ ನನ್ನ ಟೇಬಲ್ ಮುಂದೆ ನಿಂತಿರುತ್ತಾರೆ. ಬರೆದುಕೊಡಲು ಆಗಲ್ಲ. ಕಳಿಸಿದ ಮೇಲೆ ಟೀ ಕುಡಿಯಲೂ ಮನಸ್ಸು ಬರಲ್ಲ.

ಹಳೇ ಮೇಷ್ಟ್ರು

ಮಗಳೇ, ನಾನೂ ಮೇಷ್ಟ್ರಾಗಿ ನಿವೃತ್ತನಾದವನು. ನಿಮ್ಮ ತಂದೆಯ ಸಿಟ್ಟು ಎಷ್ಟು ದಿನದ್ದು? ಊರಿಗೆ ಹೋಗು. ಬಂದವರ ಎದುರಿಗೆ ಮಾತಾಡಿದ್ದಕ್ಕೆ ಕ್ಷಮೆ ಕೇಳು. ಮದುವೆ ಬೇಡ ಅಂದಿದ್ದಕ್ಕಲ್ಲ, ಎದುರಿಗೆ ಅಂದಿದ್ದಕ್ಕೆ. ಮನೆ ಯಜಮಾನನಿಗೆ ನಾಲ್ಕು ಜನರ ಮುಂದೆ ಆದ ಅವಮಾನ ಬೇಗ ಆರಲ್ಲ.

ನಮ್ಮ ಕಾಲದಲ್ಲಿ ವಾರಾನ್ನ ಇತ್ತು. ನಾನು ಸೋಮವಾರ ಒಂದು ಮನೆ, ಮಂಗಳವಾರ ಒಂದು ಮನೆ ಅಂತ ಉಂಡು ಟಿಸಿಎಚ್ (ಶಿಕ್ಷಕರ ತರಬೇತಿ) ಮಾಡಿದವನು. ಬುಧವಾರದ ಮನೆಯವರು ಮಜ್ಜಿಗೆಗೆ ನೀರು ಜಾಸ್ತಿ ಹಾಕುತ್ತಿದ್ದರು, ಅದು ಈಗಲೂ ನೆನಪಿದೆ. ತುಮಕೂರಿನ ಸಿದ್ಧಗಂಗೆಯಂಥ ಮಠಗಳಲ್ಲಿ ಇವತ್ತಿಗೂ ಸಾವಿರಾರು ಮಕ್ಕಳು ಉಂಡು ಓದುತ್ತಾರೆ. ಓದುವ ಮಗುವನ್ನು ಈ ನಾಡು ಕೈಬಿಟ್ಟಿಲ್ಲ.

ಬೆಳಗಾವಿ ಕುಂದಾ

ಮೇಷ್ಟ್ರೇ, ವಾರಾನ್ನದ ಮಾತು ಚೆನ್ನಾಗಿದೆ. ಆದರೆ ವಾರಾನ್ನದ ಮನೆಗಳಲ್ಲಿ ಹುಡುಗಿಯರು ಎಷ್ಟು ಜನ ಉಂಡಿದ್ದರು? ಕ್ಷಮೆ ಕೇಳಿದ ಕೂಡಲೇ ಫೀಸು ಬರುತ್ತದೆ ಅಂತ ಯಾರು ಹೇಳಿದರು? ಕ್ಷಮೆಯ ಹಿಂದೆಯೇ ಅದೇ ಗಂಡು ಮತ್ತೆ ಬರುತ್ತಾನೆ. ನಾನು ಅದೇ ಅನುಭವಿಸಿದವಳು ರೀ. ನಮ್ಮಪ್ಪ ಎರಡನೇ ವರ್ಷದ ಬಿಎಸ್ಸಿಗೆ ನಿಲ್ಲಿಸಿದರು. ಹಗಲು ಅಂಗಡಿಯಲ್ಲಿ ಬಿಲ್ ಹಾಕಿದೆ, ಸಂಜೆ ಕಾಲೇಜಿನಲ್ಲಿ ಬಿಕಾಂ ಮಾಡಿದೆ. ನಾಲ್ಕು ವರ್ಷ ತಡವಾಯಿತು. ತಂಗಿ, ಇಂಜಿನಿಯರಿಂಗ್ ಸೀಟು ಬಿಡಬೇಡ. ಅದನ್ನು ಬಿಟ್ಟು ಸಂಜೆ ಕಾಲೇಜಿಗೆ ಹೋಗು ಅಂತ ಯಾರಾದರೂ ಹೇಳಿದರೆ ಕೇಳಬೇಡ. ಅದು ಕೊನೆಯ ದಾರಿ.

ನಿವೃತ್ತ ಮ್ಯಾನೇಜರ್

30 ವರ್ಷ ಬ್ಯಾಂಕಿನಲ್ಲಿದ್ದೆ, ಅದರಲ್ಲಿ 11 ವರ್ಷ ಸಾಲದ ಟೇಬಲ್. ಆ ಶಾಖೆಯವರು ನಕ್ಕದ್ದು ತಪ್ಪು. ಆದರೆ ಅವರು ತಂದೆಯನ್ನು ಯಾಕೆ ಕೇಳಿದರು ಅಂತ ಮೊದಲು ತಿಳಿದುಕೋ.

ಶಿಕ್ಷಣ ಸಾಲಕ್ಕೆ ಬ್ಯಾಂಕುಗಳ ಸಂಘದ ಒಂದು ಮಾದರಿ ಯೋಜನೆ ಇದೆ, ಹೆಚ್ಚಿನ ಬ್ಯಾಂಕುಗಳು ಅದನ್ನೇ ಹಿಡಿದು ನಡೆಯುತ್ತವೆ. 4 ಲಕ್ಷದವರೆಗೆ ಆಸ್ತಿ ಅಡಮಾನ ಬೇಡ, ನೀನು ಕೈಯಿಂದ ಹಾಕಬೇಕಾದ ಪಾಲೂ ಇಲ್ಲ. 7.5 ಲಕ್ಷದವರೆಗಿನ ಸಾಲಕ್ಕೆ ಸರ್ಕಾರದ ಖಾತರಿ ನಿಧಿ ಇದೆ. ಓದು ಮುಗಿದು ಒಂದು ವರ್ಷದವರೆಗೆ ಕಂತು ಶುರುವಾಗಲ್ಲ. ಎರಡನೇ ವರ್ಷದಿಂದಲೂ ತೆಗೆದುಕೊಳ್ಳಬಹುದು. ಮೊದಲ ವರ್ಷದ ಮಾರ್ಕ್ಸ್ ಕಾರ್ಡ್, ಕಾಲೇಜಿನ ಬೋನಫೈಡ್, ಉಳಿದ ಮೂರು ವರ್ಷದ ಫೀಸಿನ ಪಟ್ಟಿ ಸಾಕು.

ಆದರೆ ಸಹ-ಸಾಲಗಾರ ಬೇಕು, ಅಂದರೆ ನಿನ್ನ ಜೊತೆ ಸಹಿ ಹಾಕಿ ಸಾಲಕ್ಕೆ ಹೊಣೆಯಾಗುವವರು. ವಿದ್ಯಾರ್ಥಿಗೆ ಸಂಪಾದನೆ ಇಲ್ಲ, ಹಿಂದೆ ಸಾಲ ತೀರಿಸಿದ್ದನ್ನು ತೋರಿಸುವ ಸಿಬಿಲ್ ಅಂಕವೂ ಇಲ್ಲ. ನಾಳೆ ಕಂತು ನಿಂತರೆ ಯಾರ ಮನೆ ಬಾಗಿಲು ತಟ್ಟುವುದು ಅಂತ ಮ್ಯಾನೇಜರ್ ನೋಡುತ್ತಾನೆ. ರೂಢಿಯಲ್ಲಿ ತಂದೆ ಅಥವಾ ತಾಯಿ. ಅಮ್ಮನಿಗೆ ಸ್ವಂತ ಆದಾಯ ಇದೆಯಾ? ಇಲ್ಲ ಅಂದರೆ ಸೋದರಮಾವ, ಅಣ್ಣ, ತಾತ ಯಾರಾದರೂ ಇದ್ದಾರಾ? ಕೆಲವು ಶಾಖೆಗಳು ಒಪ್ಪುತ್ತವೆ, ಕೆಲವು ಒಪ್ಪಲ್ಲ. ಸುಮ್ನೆ ಬಾಯಲ್ಲಿ ಕೇಳಿ ವಾಪಸು ಬರಬೇಡ. ಶಿಕ್ಷಣ ಸಾಲದ ಪೋರ್ಟಲ್‌ನಲ್ಲಿ ಅರ್ಜಿ ಹಾಕು. ಇಲ್ಲ ಅಂದರೆ ಕಾರಣವನ್ನು ಬರಹದಲ್ಲಿ ಕೊಡಿ ಅಂತ ಕೇಳು. ಬಾಯಲ್ಲಿ ಇಲ್ಲ ಅನ್ನುವುದು ಸುಲಭ. ಬರೆದು ಇಲ್ಲ ಅನ್ನಲು ಯಾವ ಮ್ಯಾನೇಜರನಿಗೂ ಕೈ ಬೇಗ ಏಳಲ್ಲ, ನನ್ನದೂ ಏಳುತ್ತಿರಲಿಲ್ಲ.

ಶರಾವತಿ ದಂಡೆ

ಸಾರ್, ಪಿಎಂ ವಿದ್ಯಾಲಕ್ಷ್ಮಿಯಲ್ಲಿ ಜಾಮೀನೇ ಬೇಡ ಅಂತಾರಲ್ಲ?

ನಿವೃತ್ತ ಮ್ಯಾನೇಜರ್

2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಯೋಜನೆ ಅದು. ಅಡಮಾನವೂ ಬೇಡ, ಹೊರಗಿನ ಜಾಮೀನುದಾರನೂ ಬೇಡ, ಸರಿ. ಆದರೆ ಎರಡು ವಿಷಯ ಜನ ಮರೆಯುತ್ತಾರೆ. ಒಂದು, ಕಾಲೇಜು ಅವರ ಪಟ್ಟಿಯಲ್ಲಿ ಇರಬೇಕು. ಶುರುವಿನಲ್ಲಿ 860 ಸಂಸ್ಥೆಗಳಿದ್ದವು, ಕೇಂದ್ರ ಸರ್ಕಾರ ಕಾಲೇಜುಗಳಿಗೆ ಕೊಡುವ ಎನ್‌ಐಆರ್‌ಎಫ್ ರ್‍ಯಾಂಕಿಂಗ್ ನೋಡಿ ಮಾಡಿದ ಪಟ್ಟಿ. ಎರಡು, ಜಾಮೀನುದಾರ ಬೇಡ ಅಂದರೆ ಸಹ-ಸಾಲಗಾರ ಬೇಡ ಅಂತ ಅರ್ಥ ಅಲ್ಲ. ಬ್ಯಾಂಕಿನವರು ತಂದೆ ತಾಯಿಯ ಸಹಿ ಕೇಳಿಯೇ ಕೇಳುತ್ತಾರೆ. 10 ಲಕ್ಷದವರೆಗಿನ ಸಾಲಕ್ಕೆ 3% ಬಡ್ಡಿ ರಿಯಾಯಿತಿ ಇದೆ, ಅದಕ್ಕೂ ಆದಾಯ 8 ಲಕ್ಷದ ಒಳಗಿರಬೇಕು. ಈ ಮಗುವಿಗೆ ರಿಯಾಯಿತಿ ಸಿಗಲ್ಲ, ಸಾಲ ಸಿಗಬಹುದು.

ಡಲ್ಲಾಸ್ ಕನ್ನಡಿಗ

ಇದು ನಮ್ಮೂರಿನ ಸಮಸ್ಯೆ ಮಾತ್ರ ಅಂದುಕೊಳ್ಳಬೇಡಿ. ಅಮೆರಿಕದಲ್ಲಿ ಇದಕ್ಕಿಂತ ಖಡಕ್. ಇಲ್ಲಿ ಸರ್ಕಾರಿ ನೆರವಿಗೆ ಎಫ್‌ಎಎಫ್‌ಎಸ್‌ಎ ಅನ್ನುವ ಫಾರಂ ತುಂಬಬೇಕು. 24 ವರ್ಷ ತುಂಬುವವರೆಗೆ ಸಾಮಾನ್ಯವಾಗಿ ನೀವು ಅಪ್ಪ ಅಮ್ಮನ ಲೆಕ್ಕದಲ್ಲೇ ಇರುತ್ತೀರಿ. ಮದುವೆಯಾಗಿದ್ದರೆ, ಸೈನ್ಯದಲ್ಲಿದ್ದು ಬಂದಿದ್ದರೆ, ತಂದೆ ತಾಯಿ ಇಲ್ಲದಿದ್ದರೆ ಬೇರೆ ಮಾತು. "ನನ್ನ ಅಪ್ಪ ಒಂದು ಡಾಲರ್ ಕೊಡಲ್ಲ" ಅಂದರೆ ಅದು ಕಾರಣವೇ ಅಲ್ಲ ಅಂತ ನಿಯಮದಲ್ಲೇ ಇದೆ. ಮನೆಯಲ್ಲಿ ಹಿಂಸೆ ಇತ್ತು, ಬಿಟ್ಟುಹೋದರು ಅಂತ ಪುರಾವೆ ಕೊಟ್ಟರೆ ಕಾಲೇಜಿನ ನೆರವು ಅಧಿಕಾರಿ ಬದಲಿಸಬಹುದು. ಅಪ್ಪ ಅಮ್ಮ ಫಾರಂಗೆ ಮಾಹಿತಿಯನ್ನೂ ಕೊಡಲ್ಲ ಅಂದರೆ, ಬಡ್ಡಿ ಮೊದಲ ದಿನದಿಂದಲೇ ಓಡುವ ಒಂದು ಸಾಲ ಮಾತ್ರ ಸಿಗುತ್ತದೆ. ಮೊದಲ ವರ್ಷ 5,500 ಡಾಲರ್. ಇಲ್ಲಿನ ಫೀಸಿಗೆ ಅದು ಯಾವ ಮೂಲೆಗೂ ಸಾಲಲ್ಲ.

ನಮ್ಮ ಪಕ್ಕದ ಮನೆಯ ಕನ್ನಡದ ಹುಡುಗ ಮೆಡಿಕಲ್ ಬೇಡ, ಸಂಗೀತ ಓದುತ್ತೇನೆ ಅಂದ. ಅಪ್ಪ ಫೀಸು ಕೊಡಲ್ಲ ಅಂದರು. ಎರಡು ವರ್ಷ ಕಮ್ಯುನಿಟಿ ಕಾಲೇಜಿನಲ್ಲಿ ಕಡಿಮೆ ಫೀಸಿಗೆ ಓದಿ, ಆಮೇಲೆ ದೊಡ್ಡ ಕಾಲೇಜಿಗೆ ಹೋದ. ಈಗ ಅದೇ ಅಪ್ಪ ಅವನ ಸಂಗೀತ ಕಛೇರಿಯ ವಿಡಿಯೊ ಎಲ್ಲರಿಗೂ ಕಳಿಸುತ್ತಾರೆ. ನನಗೂ ಮೂರು ಸಲ ಬಂತು.

ಕರಿಕೋಟು

ವಕೀಲಿ ಮಾಡುತ್ತೇನೆ, ಹಾಸನದ ಕಡೆ ಅಲ್ಲ. ಯಾರೂ ಹೇಳದ ಒಂದು ವಿಷಯ ಹೇಳುತ್ತೇನೆ.

18 ಆದಮೇಲೆ ಅಪ್ಪನಿಗೆ ಹೊಣೆ ಇಲ್ಲ ಅಂತ ಎಲ್ಲರೂ ಅಂದುಕೊಂಡಿದ್ದಾರೆ. ಮಗನ ವಿಷಯದಲ್ಲಿ ಹೆಚ್ಚು ಕಡಿಮೆ ಸರಿ. ಮದುವೆಯಾಗದ ಮಗಳ ವಿಷಯದಲ್ಲಿ ಸರಿ ಅಲ್ಲ. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯ 20ನೇ ಕಲಂ ಪ್ರಕಾರ, ತನ್ನ ಗಳಿಕೆಯಿಂದಲೋ ಆಸ್ತಿಯಿಂದಲೋ ಬದುಕಲು ಆಗದ ಅವಿವಾಹಿತ ಮಗಳನ್ನು ನೋಡಿಕೊಳ್ಳುವುದು ತಂದೆ ತಾಯಿಯ ಹೊಣೆ. ಜೀವನಾಂಶ ಅಂದರೆ ಏನು ಅಂತ ಅದೇ ಕಾಯ್ದೆ ಹೇಳುತ್ತದೆ: ಊಟ, ಬಟ್ಟೆ, ವಸತಿ, ಶಿಕ್ಷಣ, ವೈದ್ಯಕೀಯ ಖರ್ಚು. ಶಿಕ್ಷಣ ಅನ್ನುವ ಪದ ಅಲ್ಲೇ ಇದೆ. ಈ ಹಕ್ಕು ಮದುವೆಯಾಗುವವರೆಗೂ ಇರುತ್ತದೆ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. 2025ರ ಜನವರಿಯಲ್ಲಿ ಇನ್ನೊಂದು ಪ್ರಕರಣದಲ್ಲಿ, ಓದಿನ ಖರ್ಚನ್ನು ತಂದೆ ತಾಯಿಯಿಂದ ಪಡೆಯುವುದು ಮಗಳ ಹಕ್ಕು ಅಂತಲೂ ಹೇಳಿದೆ. ಜೈನ, ಬೌದ್ಧ, ಸಿಖ್ ಕುಟುಂಬಗಳಿಗೂ ಇದೇ ಕಾಯ್ದೆ.

ಒಂದು ಎಚ್ಚರಿಕೆ. ಕೆಲವರು ಹಳೇ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಂ, ಅಂದರೆ ಈಗಿನ ಬಿಎನ್‌ಎಸ್‌ಎಸ್ 144ರ ಅಡಿ ಅರ್ಜಿ ಹಾಕಿಸುತ್ತಾರೆ. ಆರೋಗ್ಯವಾಗಿರುವ, 18 ದಾಟಿದ ಮಗಳಿಗೆ ಅದು ಸರಿಯಾದ ಬಾಗಿಲು ಅಲ್ಲ.

ಅರಸೀಕೆರೆ ಹುಡುಗಿ

ಸಾರ್, ಓದಿ ಅಳು ಬಂತು. ಆದರೆ ಅಪ್ಪನ ಮೇಲೆ ಕೇಸು ಹಾಕಲು ನನ್ನಿಂದ ಆಗಲ್ಲ. ಅವರು ಕೆಟ್ಟವರಲ್ಲ. ನನಗೆ ಸೈಕಲ್ ಕಲಿಸಿದವರು, ಗಣಿತ ಕಲಿಸಿದವರು. ಊರಲ್ಲಿ ತಲೆ ಎತ್ತಿ ಓಡಾಡುವುದು ಹೇಗೆ ಅನ್ನುವುದೇ ಅವರಿಗೆ ದೊಡ್ಡದಾಗಿದೆ.

ಮ್ಯಾನೇಜರ್ ಸಾರ್, ಅಮ್ಮನಿಗೆ ಆದಾಯ ಇಲ್ಲ. ಮಾವ ತಿಪಟೂರಿನಲ್ಲಿ ಕೊಬ್ಬರಿ ವ್ಯಾಪಾರ ಮಾಡುತ್ತಾರೆ, ಇನ್‌ಕಮ್ ಟ್ಯಾಕ್ಸ್ ರಿಟರ್ನ್ಸ್ ಎಲ್ಲ ಇದೆ. ಫೋನ್ ಮಾಡಿದೆ. "ಭಾವನ ಎದುರು ನಿಂತ ಹಾಗೆ ಆಗುತ್ತದೆ ಕಣವ್ವಾ" ಅಂದರು.

ಕರಿಕೋಟು

ಕೇಸು ಹಾಕು ಅಂತ ಹೇಳುತ್ತಿಲ್ಲಮ್ಮ. ಜಿಲ್ಲಾ ಕೋರ್ಟಿನ ಆವರಣದಲ್ಲೇ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇರುತ್ತದೆ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಅಲ್ಲಿ ನೆರವು ಉಚಿತ. ಫೋನ್ ಮಾಡುವುದಾದರೆ 15100. ಕೇಸು ದಾಖಲಾಗುವ ಮೊದಲೇ ಎರಡೂ ಕಡೆ ಕೂರಿಸಿ ಮಾತಾಡಿಸುತ್ತಾರೆ. ಬೇಡ ಅನಿಸಿದರೆ ಬೇಡ. ಆದರೆ ಭಿಕ್ಷೆ ಕೇಳುತ್ತಿದ್ದೇನೆ ಅಂತ ಮಾತ್ರ ಅಂದುಕೊಳ್ಳಬೇಡ.

ಅಂಚೆಯಣ್ಣ

ನಿಮ್ಮ ಮಾತುಕತೆ ಎಲ್ಲ ಓದಿದೆ. ಒಂದು ಪ್ರಶ್ನೆ ಕೇಳಲಾ? ತಂಗಿ, ನೀನು ಹುಟ್ಟಿದ್ದು ಯಾವಾಗ?

ಅರಸೀಕೆರೆ ಹುಡುಗಿ

2006ರ ಫೆಬ್ರವರಿ. ಯಾಕಣ್ಣ?

ಅಂಚೆಯಣ್ಣ

ಹಾಗಾದರೆ ಕೇಳು. ಸುಕನ್ಯಾ ಸಮೃದ್ಧಿ ಶುರುವಾಗಿದ್ದು 2015ರ ಜನವರಿಯಲ್ಲಿ. ಹತ್ತು ವರ್ಷದ ಒಳಗಿನ ಹೆಣ್ಣುಮಕ್ಕಳ ಹೆಸರಲ್ಲಿ ತೆರೆಯುವ ಖಾತೆ. ಆ ಫೆಬ್ರವರಿಗೆ ನಿನಗೆ ಒಂಬತ್ತು. ನಿಮ್ಮಪ್ಪ ಸರ್ಕಾರಿ ಮೇಷ್ಟ್ರು. ಆ ವರ್ಷ ನಮ್ಮ ಕೌಂಟರಿನಲ್ಲಿ ಸಾಲು ನಿಂತವರಲ್ಲಿ ಮೇಷ್ಟ್ರುಗಳೇ ಜಾಸ್ತಿ! ತೆರಿಗೆ ಉಳಿಯುತ್ತದೆ ಅಂತ ಫೆಬ್ರವರಿ ಬಂದ ಕೂಡಲೇ ಓಡಿ ಬರುತ್ತಿದ್ದರು. ನಿನ್ನ ಹೆಸರಲ್ಲಿ ಖಾತೆ ಇದೆಯಾ ಅಂತ ಅಮ್ಮನ ಹತ್ತಿರ ಕೇಳು.

ಇದ್ದರೆ ನಿಯಮ ಹೀಗಿದೆ. 18 ಆಗುವವರೆಗೆ ಅಪ್ಪ ನಡೆಸುತ್ತಾರೆ. 18 ಆದಮೇಲೆ ಖಾತೆ ನಡೆಸುವವಳು ನೀನೇ. ನಿನ್ನ ಆಧಾರ್, ಪ್ಯಾನ್, ಫೋಟೊ ಕೊಟ್ಟು ನಿನ್ನ ಸಹಿಗೆ ಬದಲಿಸಿಕೊಳ್ಳಬೇಕು. ಓದಿಗೆ ಅಂತ, ಹಿಂದಿನ ಮಾರ್ಚ್ ಕೊನೆಗೆ ಇದ್ದ ಮೊತ್ತದ ಅರ್ಧದವರೆಗೆ ತೆಗೆಯಬಹುದು. ಕಾಲೇಜಿನ ಫೀಸು ಚೀಟಿ ತೋರಿಸಬೇಕು. ಅದರಲ್ಲಿ ಬರೆದಿರುವಷ್ಟೇ ಕೊಡುತ್ತಾರೆ. ಒಂದೇ ಸಲ ಬೇಕಾದರೂ ಸರಿ, ವರ್ಷಕ್ಕೊಮ್ಮೆ ಅಂತ ಐದು ವರ್ಷದವರೆಗೆ ಬೇಕಾದರೂ ಸರಿ. ಬೇಕಿದ್ದರೆ ಖಾತೆಯನ್ನೇ ಬೆಂಗಳೂರಿನ ಅಂಚೆ ಕಚೇರಿಗೆ ವರ್ಗಾಯಿಸಿಕೊಳ್ಳಬಹುದು.

ಬೆಣ್ಣೆದೋಸೆ

ಅಣ್ಣಾ ನೀವು ಇಷ್ಟು ದಿನ ಎಲ್ಲಿದ್ರಿ!!

ಹಳೇ ಮೇಷ್ಟ್ರು

ನಿಯಮ ಏನೇ ಇರಲಿ, ಅದು ಮಗಳ ಮದುವೆಗೆ ಅಂತ ತಂದೆ ಹೊಟ್ಟೆ ಕಟ್ಟಿ ಕೂಡಿಟ್ಟ ದುಡ್ಡು. ಅವರಿಗೆ ಹೇಳದೆ ತೆಗೆಯುವುದು ನನಗೆ ಸರಿ ಕಾಣಲ್ಲ.

ಬೆಳಗಾವಿ ಕುಂದಾ

ಮದುವೆಗೆ ಅಂದರೆ ಅವಳದೇ ದುಡ್ಡು, ಓದಿಗೆ ಅಂದರೆ ಅಪ್ಪನ ದುಡ್ಡಾ ಮೇಷ್ಟ್ರೇ?

ಹಳೇ ಮೇಷ್ಟ್ರು

ನಾನು ತೆಗೆಯಬೇಡ ಅನ್ನಲಿಲ್ಲ ತಾಯಿ. ಹೇಳಿ ತೆಗೆ ಅಂದೆ.

ಅರಸೀಕೆರೆ ಹುಡುಗಿ (ಎರಡು ದಿನದ ನಂತರ)

ಇದೆ. ಖಾತೆ ಇದೆ.

ಅಮ್ಮ ಬೀರುವಿನಲ್ಲಿ ಹುಡುಕಿ ಪಾಸ್‌ಬುಕ್ಕಿನ ಫೋಟೊ ಕಳಿಸಿದರು. 2015ರಲ್ಲಿ ತೆರೆದದ್ದು. ವರ್ಷಕ್ಕೆ 24,000 ಕಟ್ಟಿದ್ದಾರೆ, ಒಂದು ವರ್ಷವೂ ತಪ್ಪಿಸಿಲ್ಲ. ಈ ಫೆಬ್ರವರಿಯಲ್ಲೂ ಕಟ್ಟಿದ್ದಾರೆ. ಮಾರ್ಚ್ ಕೊನೆಗೆ ಮೂರು ಲಕ್ಷ ಅರವತ್ತು ಸಾವಿರ ಚಿಲ್ಲರೆ. ಅರ್ಧ ಅಂದರೆ ಒಂದು ಲಕ್ಷ ಎಂಬತ್ತು. ಈ ವರ್ಷದ ಫೀಸು ಆಗಿ ಇನ್ನೂ ಉಳಿಯುತ್ತದೆ.

ಮೇಷ್ಟ್ರೇ, ನಿಮ್ಮ ಮಾತು ತಲೆಯಿಂದ ಹೋಗುತ್ತಿಲ್ಲ. ಹೇಳಿದರೆ ಪಾಸ್‌ಬುಕ್ ಬೇರೆ ಕಡೆ ಇಟ್ಟುಬಿಡುತ್ತಾರೆ ಅಂತ ಭಯ. ಹೇಳದಿದ್ದರೆ ಕದ್ದ ಹಾಗೆ ಅನಿಸುತ್ತದೆ.

ನಿವೃತ್ತ ಮ್ಯಾನೇಜರ್

ಮೊದಲು ಕಾಲೇಜಿನಿಂದ ಫೀಸು ಡಿಮ್ಯಾಂಡ್ ಲೆಟರ್ ತಗೋ. ಎರಡನೇ ವರ್ಷಕ್ಕೆ ಇಷ್ಟು, ಈ ದಿನದ ಒಳಗೆ ಅಂತ ಸೀಲು ಹಾಕಿ ಕೊಡುತ್ತಾರೆ. ಜೊತೆಗೆ ಪ್ರಿನ್ಸಿಪಾಲರನ್ನು ನೋಡಿ ಎರಡು ಕಂತಿಗೆ ಒಂದು ಅರ್ಜಿ ಕೊಡು, ಅಂಚೆ ಕಚೇರಿಯಲ್ಲಿ ನಾಲ್ಕು ದಿನ ತಡವಾದರೂ ದಂಡ ಬೀಳಬಾರದು. ಸಾಲದ ಅರ್ಜಿಯನ್ನು ಕೈಬಿಡಬೇಡ. ಈ ಹಣ ಎರಡನೇ ವರ್ಷಕ್ಕಾಯಿತು. ಮೂರು, ನಾಲ್ಕನೇ ವರ್ಷಕ್ಕೆ ಸಾಲ ಬೇಕೇ ಬೇಕು. ಒಂದು ವರ್ಷದ ಸಮಯ ಸಿಕ್ಕಿತು ಅಷ್ಟೇ.

ಅಂಚೆಯಣ್ಣ

ಪಾಸ್‌ಬುಕ್ ಮೂಲ ಪ್ರತಿ ಬೇಕು. ಜನನ ಪ್ರಮಾಣಪತ್ರ ಅಥವಾ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನೂ ಇಟ್ಟುಕೋ. ಬೆಳಿಗ್ಗೆಯೇ ಹೋಗು, ಮಧ್ಯಾಹ್ನದ ಮೇಲೆ ಸರ್ವರ್ ಯಾವಾಗ ಮಲಗುತ್ತದೆ ಅಂತ ನಮಗೂ ಗೊತ್ತಿರಲ್ಲ.

ಶರಾವತಿ ದಂಡೆ

ಪಿಜಿ ಖರ್ಚಿಗೆ ಒಂದು ಮಾತು. ಬೆಂಗಳೂರಿನಲ್ಲಿ ಬಹಳಷ್ಟು ಸಮುದಾಯದ ಸಂಘಗಳು ವಿದ್ಯಾರ್ಥಿನಿಯರ ಹಾಸ್ಟೆಲ್ ನಡೆಸುತ್ತವೆ, ಪಿಜಿಗಿಂತ ಎಷ್ಟೋ ಕಡಿಮೆ. ಹಿಂದುಳಿದ ವರ್ಗದವರ ಸರ್ಕಾರಿ ಬಿಸಿಎಂ ಹಾಸ್ಟೆಲ್‌ನಲ್ಲಿ ಮತ್ತೆ ಅದೇ ಆದಾಯದ ತಕರಾರು. ಸಂಘದ ಹಾಸ್ಟೆಲ್‌ನಲ್ಲಿ ಕಾರ್ಯದರ್ಶಿಯ ಎದುರು ಕೂತು ಪರಿಸ್ಥಿತಿ ಹೇಳಿಕೊಳ್ಳಬಹುದು. ಅಲ್ಲಿ ಮನುಷ್ಯರು ಇರುತ್ತಾರೆ, ಪೋರ್ಟಲ್ ಅಲ್ಲ. ಬೆಂಗಳೂರಲ್ಲಿ ಸಾಮಾನ್ಯ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಉಚಿತ, ಸ್ವಲ್ಪ ದೂರ ಆದರೂ ನಡೆಯುತ್ತದೆ. ಸಂಜೆ ಎರಡು ಮಕ್ಕಳಿಗೆ ಗಣಿತ ಹೇಳಿಕೊಟ್ಟರೂ ಊಟದ ಖರ್ಚು ಹೊರಡುತ್ತದೆ. ಅಪ್ಪ ಕಲಿಸಿದ ಗಣಿತ ಅಲ್ವಾ.

ಗಾಳಿಪಟ 77

ನಾನು ಮೊದಲು ಹೇಳಿದ್ದು ಡಿಲೀಟ್ ಮಾಡೋಕೆ ಆಗ್ತಿಲ್ಲ. ನಾಡಕಚೇರಿ ಸಾರ್ ಕ್ಷಮಿಸಿ.

ಅರಸೀಕೆರೆ ಹುಡುಗಿ (ಒಂಬತ್ತು ದಿನದ ನಂತರ)

ಎಲ್ಲರೂ ಕೇಳುತ್ತಿದ್ದೀರಿ, ಅದಕ್ಕೆ ಬರೆಯುತ್ತಿದ್ದೇನೆ.

ಶುಕ್ರವಾರ ರಾತ್ರಿ ರೈಲಿಗೆ ಊರಿಗೆ ಹೋದೆ. ಅಪ್ಪ ಮಾತಾಡಲಿಲ್ಲ. ಊಟಕ್ಕೆ ಕೂತಾಗ ನಾನೇ ಹೇಳಿದೆ. "ನಾಳೆ ಪೋಸ್ಟಾಫೀಸಿಗೆ ಹೋಗುತ್ತೇನೆ. ಸುಕನ್ಯಾ ದುಡ್ಡಿನಲ್ಲಿ ಫೀಸು ಕಟ್ಟುತ್ತೇನೆ. ನಿಮಗೆ ಹೇಳದೆ ತೆಗೆಯಬಾರದು ಅಂತ ಹೇಳುತ್ತಿದ್ದೇನೆ. ಅವತ್ತು ಬಂದವರ ಎದುರು ಮಾತಾಡಿದ್ದು ತಪ್ಪು." ಅಷ್ಟೇ ಹೇಳಿದೆ, ಕೈ ನಡುಗುತ್ತಿತ್ತು. ಅವರು ಮೊಸರನ್ನ ಪೂರ್ತಿ ಮಾಡಿ ಎದ್ದು ಹೋದರು.

ಬೆಳಿಗ್ಗೆ ಎದ್ದು ನೋಡಿದರೆ ಬೀರುವಿನಲ್ಲಿ ಪಾಸ್‌ಬುಕ್ ಇರಲಿಲ್ಲ. ಅಮ್ಮ ಗಾಬರಿಯಾದರು. ನಾನು ಆಯಿತು, ಮುಗಿಯಿತು ಅಂದುಕೊಂಡೆ. ಹತ್ತು ಗಂಟೆಗೆ ಸುಮ್ಮನೆ ಅಂಚೆ ಕಚೇರಿಗೆ ಹೋದೆ, ಪಾಸ್‌ಬುಕ್ ಇಲ್ಲದೆ ಏನಾದರೂ ಮಾಡಬಹುದಾ ಅಂತ ಕೇಳಲು. ಕೌಂಟರಿನವರು ನನ್ನ ಮುಖ ನೋಡಿ, "ಮೇಷ್ಟ್ರ ಮಗಳಲ್ವಾ? ಒಂಬತ್ತಕ್ಕೇ ಬಂದು ಕೊಟ್ಟು ಹೋದರು" ಅಂತ ಪಾಸ್‌ಬುಕ್ ತೆಗೆದಿಟ್ಟರು. ಹುಟ್ಟಿದ ದಿನಾಂಕದ ದಾಖಲೆಯ ಜೆರಾಕ್ಸ್ ಕೂಡ ಒಳಗೆ ಮಡಚಿ ಇಟ್ಟಿದ್ದರು. ಅಟೆಸ್ಟ್ ಮಾಡಿಸಿ.

ಅವರು ಇವತ್ತಿಗೂ ನನ್ನ ಜೊತೆ ಮಾತಾಡಿಲ್ಲ. ಹೊರಡುವಾಗ ಜಗಲಿಯಲ್ಲಿ ಪೇಪರ್ ಓದುತ್ತಾ ಕೂತಿದ್ದರು, ತಲೆ ಎತ್ತಲಿಲ್ಲ. ಮದುವೆ ವಿಷಯ ಮುಗಿದಿಲ್ಲ ಅಂತ ನನಗೆ ಗೊತ್ತು. ಮುಂದಿನ ವರ್ಷಕ್ಕೆ ಅವರು ಕೊಡಲ್ಲ ಅಂತಲೂ ಗೊತ್ತು, ಅಮ್ಮನ ಹತ್ತಿರ ಅದನ್ನು ಸ್ಪಷ್ಟವಾಗಿ ಹೇಳಿದ್ದಾರೆ.

ಹಣ ಅವತ್ತೇ ಬರಲಿಲ್ಲ. ಸಹಿ ಬದಲಾಗಬೇಕಿತ್ತು, ಸರ್ವರ್ ಮಲಗಿತ್ತು (ಅಂಚೆಯಣ್ಣ!). ನನ್ನ ಉಳಿತಾಯ ಖಾತೆಗೆ ನಿನ್ನೆ ಬಂತು, ಇವತ್ತು ಫೀಸು ಕಟ್ಟಿದೆ. ಮಾವ ದೀಪಾವಳಿ ಕಳೆಯಲಿ, ಕೊಬ್ಬರಿ ಲೆಕ್ಕ ಮುಗಿಸಿ ಬ್ಯಾಂಕಿಗೆ ಬರುತ್ತೇನೆ ಅಂದಿದ್ದಾರೆ. ಬರುತ್ತಾರೋ ಇಲ್ಲವೋ ನೋಡಬೇಕು. ಸಂಘದ ಹಾಸ್ಟೆಲ್‌ನಲ್ಲಿ ಕಾಯುವವರ ಪಟ್ಟಿಯಲ್ಲಿ ಏಳನೆಯವಳು.

ಹಳೇ ಮೇಷ್ಟ್ರು

ಅಟೆಸ್ಟ್ ಮಾಡಿಸಿದ್ದರಾ? ಮೇಷ್ಟ್ರು ಅಂದರೆ ಮೇಷ್ಟ್ರು.

ಕರಿಕೋಟು

ಒಳ್ಳೆಯದಾಯಿತು. 15100 ಮಾತ್ರ ಫೋನಿನಲ್ಲಿ ಸೇವ್ ಮಾಡಿಟ್ಟುಕೋ.

ನಿವೃತ್ತ ಮ್ಯಾನೇಜರ್

ಮಾವನನ್ನು ದೀಪಾವಳಿವರೆಗೆ ಬಿಡಬೇಡ. ಅವರ ಮೂರು ವರ್ಷದ ರಿಟರ್ನ್ಸ್ ಪ್ರತಿ ಈಗಲೇ ತರಿಸಿಕೋ. ಕಾಗದ ಮೊದಲು ಬಂದರೆ ಮನುಷ್ಯ ಹಿಂದೆಯೇ ಬರುತ್ತಾನೆ.

ಕಡೂರ್ ಎಕ್ಸ್‌ಪ್ರೆಸ್

ಎಲ್ಲ ಓದಿದೆ. ನನ್ನದೂ ಇದೇ ಕಥೆ, ಆದರೆ ನಾನು ಹುಡುಗ. ಅಪ್ಪನಿಗೆ ಹಾರ್ಡ್‌ವೇರ್ ಅಂಗಡಿ, ಬಿಎ ಓದುತ್ತೇನೆ ಅಂದಿದ್ದಕ್ಕೆ ಮನೆಯಿಂದ ಹೊರಗೆ ಹಾಕಿದ್ದಾರೆ. ಸುಕನ್ಯಾನೂ ಇಲ್ಲ, 20ನೇ ಕಲಮೂ ಇಲ್ಲ. ನನಗೇನಾದರೂ ಇದೆಯಾ?

ನಿವೃತ್ತ ಮ್ಯಾನೇಜರ್

ಯಾವ ಕಾಲೇಜು, ಸರ್ಕಾರಿಯಾ ಖಾಸಗಿಯಾ? ವರ್ಷಕ್ಕೆ ಎಷ್ಟು ಫೀಸು? ನಿನ್ನ ಹೆಸರಲ್ಲಿ ಅಪ್ಪ ಚಿಕ್ಕಂದಿನಲ್ಲಿ ಎಲ್‌ಐಸಿ ಏನಾದರೂ ಮಾಡಿಸಿದ್ದರಾ? ಸೋದರಮಾವ ಇದ್ದಾರಾ?